ಮಾವನ ಫ್ಯಾಕ್ಸಿನೊಳಗೆ ಯಾರೋ ಇದ್ದಾರೆ

ನನ್ನ ಸೋದರಮಾವ ಭೂತದ ಜೊತೆ ಫೋನಿನಲ್ಲಿ ಮಾತಾಡುವವರು. ನಗಬೇಡಿ, ಕಣ್ಣಾರೆ ಕಂಡಿದ್ದೇನೆ! ಭೂತಗೀತ ನಂಬುವ ಪೈಕಿಯೂ ನಾನಲ್ಲ. ನಮ್ಮ ಕುಟುಂಬದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಬೆಳಿಗ್ಗೆ ಮಾವನ ಹೋಟೆಲಿನಲ್ಲಿ ಚಟ್ನಿಗೆ ಕಾಯಿ ತುರಿದು, ಅದೇ ಕೈಯಲ್ಲಿ ಲೋಕಲ್ ರೈಲಿನ ಕಂಬಿ ಹಿಡಿದು ಕಾಲೇಜಿಗೆ ಹೋದವಳು. ಬಿ.ಎಸ್ಸಿ., ಎಲೆಕ್ಟ್ರಾನಿಕ್ಸ್! ಈಗ ಮುಂಬಯಿಯ ಗೋರೆಗಾಂವ್‌ನ ಒಂದು ಕಂಪನಿಯಲ್ಲಿ ಆಫೀಸುಗಳಿಗೆ ಇಂಟರ್ನೆಟ್ ಫೋನು ಹಾಕಿಕೊಡುವ ಕೆಲಸ.

ಮಾವ ಉಡುಪಿ ಕಡೆಯವರು, ಹೋಟೆಲು ವಿಲೆ ಪಾರ್ಲೆಯಲ್ಲಿ. ಮೊಬೈಲ್ ಮುಟ್ಟುವುದಿಲ್ಲ. ಊಟ ಬೇಕೇ? ಫ್ಯಾಕ್ಸ್ ಮಾಡಿ! ಏರ್‌ಪೋರ್ಟಿನ ಆಸುಪಾಸಿನ ಹಳೆಯ ಕಾರ್ಗೋ ಆಫೀಸುಗಳು ಇವರ ಸಾಂಬಾರಿನ ಆಸೆಗೆ ಇವತ್ತಿಗೂ ಆರ್ಡರನ್ನು ಫ್ಯಾಕ್ಸ್ ಮಾಡುತ್ತವೆ.

"ಫೋನಲ್ಲಿ ಎಲ್ಲ ಸುಳ್ಳು ಹೇಳ್ತಾರೆ ಮಾರಾಯ್ತಿ. ಬರ್ದು ಕೊಟ್ಟ ಮೇಲೆ ‘ನಾನು ವಡೆ ಹೇಳ್ಲೇ ಇಲ್ಲ’ ಅಂತ ಹೇಳ್ಲಿಕ್ಕೆ ಆಗ್ತದಾ?"

ಹಳೆಯ ತಂತಿ ಫೋನು ಹೋಗಿ ಹೋಟೆಲಿಗೂ ಇಂಟರ್ನೆಟ್ ಫೋನು ಬಂತು ನೋಡಿ, ಫ್ಯಾಕ್ಸಿಗೆ ಗ್ರಹಚಾರ ಹಿಡಿಯಿತು. ಹಾಳೆ ಅರ್ಧ ಬಂದು ನಿಲ್ಲುತ್ತಿತ್ತು. ಒಂದು ದಿನ ‘ಅರ್ಜೆಂಟ್’ ಎಂಬುದಷ್ಟೇ ಬಂತು. ಏನು ಅರ್ಜೆಂಟು? ಮಾವ ಊಹೆಯ ಮೇಲೆ ಬಿಸಿಬೇಳೆಬಾತ್ ಕಳಿಸಿದರು. ಆ ಆಫೀಸಿನವರು ಕೇಳಿದ್ದು ಏಕಾದಶಿಯ ಫಲಾಹಾರ! ಇನ್ನೊಂದು ದಿನ ಹಾಳೆ ಪೂರಾ ಕಪ್ಪು, ನಡುವೆ ಒಳಗಿನಿಂದ ಯಾರೋ ಉಗುರಿನಲ್ಲಿ ಕೆರೆದಂಥ ಬಿಳಿ ಗೀರುಗಳು. ದೋಸೆ ಹುಯ್ಯುವ ಭಟ್ಟರು ಅದನ್ನು ಕಂಡವರೇ, "ಇದು ನಮ್ಮ ಊರಿನ ಭೂತ ಅಲ್ಲ, ಇಲ್ಲಿಯದ್ದೇ ಯಾರೋ" ಎಂದು ಫ್ಯಾಕ್ಸ್ ಇಟ್ಟ ಸ್ಟೋರ್ ರೂಮಿನ ಕಡೆ ಹೋಗುವುದನ್ನೇ ಬಿಟ್ಟರು.

ಮಾವನ ಮಗ ಮುಂಬಯಿಯಲ್ಲೇ ಹುಟ್ಟಿ ಬೆಳೆದವನು. ನನಗೆ ಫೋನ್ ಮಾಡಿದ. "ದೀದಿ, ಪಪ್ಪಾ ಫೋನ್ ಎತ್ತೋದಿಲ್ಲ. ಎತ್ತಿದ್ರೂ ಆರ್ಡರ್ ಗಲತ್. ಸಂಡೇ ತನಕ ಫ್ಯಾಕ್ಸ್ ಠೀಕ್ ಆಗ್ಲಿಲ್ಲ ಅಂದ್ರೆ ಮಶೀನ್ ಗುಜರಿಗೆ, ಪಪ್ಪಾ ಬೊರಿವಲಿ ಮನೆಗೆ. ಬಸ್, ಆರಾಮ್!"

ಆರಾಮ್! ಗಲ್ಲಾದ ಹಿಂದಿನ ಸ್ಟೂಲಿನಿಂದ ಇಳಿಸಿದರೆ ಮಾವ ಏನು ಮಾಡಿಯಾರು? ಬಾಲ್ಕನಿಯಲ್ಲಿ ಕೂತು ಪಾರಿವಾಳ ಓಡಿಸುವುದೇ?

ಮರುದಿನವೇ ಹೋದೆ. ಊಟದ ಗದ್ದಲ ಮುಗಿದು, ಕುರ್ಚಿಗಳು ಮೇಜಿನ ಮೇಲೆ ಕಾಲು ಮೇಲಾಗಿ ಬಿದ್ದಿದ್ದ ಮಧ್ಯಾಹ್ನ. ಸ್ಟೋರ್ ರೂಮಿಗೆ ಕಿಟಕಿಯಿಲ್ಲ. ಈರುಳ್ಳಿ ಮೂಟೆಗಳ ನಡುವೆ ಫ್ಯಾಕ್ಸು, ಅದರ ನೆತ್ತಿಯ ಮೇಲೆ ಮಾವ ಇಟ್ಟ ದಾಸವಾಳ. ಕೂರಿಸಿದ್ದಾರೋ, ಬಂಧಿಸಿದ್ದಾರೋ!

ತೊಂದರೆ ಗೊತ್ತಿದ್ದದ್ದೇ. ಇಂಟರ್ನೆಟ್ ಫೋನು ಸದ್ದನ್ನು ಹಿಂಡಿ, ಚೂರು ಮಾಡಿ ಕಳಿಸುತ್ತದೆ. ದಾರಿಯಲ್ಲಿ ಒಂದೆರಡು ಚೂರು ಕಳೆದರೂ ಮನುಷ್ಯರು ಊಹಿಸಿಕೊಂಡು ಮಾತು ಮುಂದುವರಿಸುತ್ತಾರೆ. ಫ್ಯಾಕ್ಸಿಗೆ ಊಹೆ ಬಾರದು, ಅಲ್ಲೇ ಪ್ರಾಣ ಬಿಡುತ್ತದೆ. ಹಿಂಡುವುದನ್ನು ನಿಲ್ಲಿಸಿದೆ. ಪ್ರತಿಧ್ವನಿ ಅಳಿಸುವುದನ್ನೂ ನಿಲ್ಲಿಸಿದೆ. ಲೈನು ಪರೀಕ್ಷಿಸಲೆಂದು ಮೊಬೈಲಿನಿಂದ ಅದಕ್ಕೆ ಕರೆ ಮಾಡಿ, ರಿಸೀವರೆತ್ತಿ ಮೂಟೆಯ ಮೇಲಿಟ್ಟು, ಬೀದಿಗೆ ಬಂದು, ಮೊಬೈಲಿನಲ್ಲಿ ಆ ಖಾಲಿ ಕೋಣೆಗೆ "ಹಲೋ" ಎಂದೆ.

ಬಾವಿಯ ತಳದಿಂದ ಬಂದಂತೆ ಹೆಂಗಸೊಬ್ಬಳು "ಹಲೋ" ಎಂದಳು. ನನ್ನದೇ ದನಿ! ಪ್ರತಿಧ್ವನಿಯನ್ನು ಬಿಟ್ಟವಳು ನಾನೇ, ಗೊತ್ತು. ಆದರೂ ಬಿ.ಎಸ್ಸಿ.ಯ ಮೈಯ ರೋಮವೆಲ್ಲ ನೆಟ್ಟಗಾಯಿತು.

ರಿಸೀವರನ್ನು ಸ್ವಸ್ಥಾನಕ್ಕಿಟ್ಟು, ಒಂದು ಹಾಳೆ ಫ್ಯಾಕ್ಸ್ ಮಾಡುವಂತೆ ನನ್ನ ಆಫೀಸಿಗೆ ಹೇಳಿ, ಕಾಫಿಗೆ ಹೋದೆ. ಮರಳಿ ಬರುವಾಗ ಬಾಗಿಲ ಹೊರಗೆ ಮಾವನ ಮಗ ಕೈಕಟ್ಟಿ ನಿಂತಿದ್ದ. ಒಳಗೆ ಮಾವ ರಿಸೀವರ್ ಹಿಡಿದು, ನಮಗೆ ಬೆನ್ನು ಹಾಕಿ ಮಾತಾಡುತ್ತಿದ್ದರು. ಫ್ಯಾಕ್ಸಿನ ದೀಪ ಮಿನುಗಿದ್ದು ಕಂಡು ಎತ್ತಿರಬೇಕು.

"ಹ್ಞಾ, ಹ್ಞಾ... ಮನೇಲಿ ಎಲ್ಲ ಸೌಖ್ಯವಾ?" ಸುಮ್ಮನಾದರು, ತಲೆಯಾಡಿಸಿದರು. "ಹೌದಾ! ಹ್ಹ ಹ್ಹ ಹ್ಹ... ಆಯ್ತು, ನಾಳೆ ಕಳಿಸ್ತೇನೆ."

ಒಳಗೆ ಹೆಜ್ಜೆಯಿಟ್ಟೆ. ರಿಸೀವರಿನಿಂದ ಸೋರುತ್ತಿದ್ದ ಸದ್ದು ನನಗೂ ಕೇಳಿಸಿತು. ಅಲ್ಲಿ ಮನುಷ್ಯರ ದನಿಯೇ ಇರಲಿಲ್ಲ. ತವಾದ ಮೇಲೆ ಮೊಳೆ ಎಳೆದಂತೆ ಫ್ಯಾಕ್ಸಿನ ಚೀರಾಟ! ಅದಕ್ಕೆ ಮಾವ ನಗುತ್ತಿದ್ದರು. ಅದರ ಯೋಗಕ್ಷೇಮ ಕೇಳುತ್ತಿದ್ದರು.

"ಯಾರು ಮಾವ?"

ತಿರುಗಲಿಲ್ಲ.

"ಮಾವಾ!"

ಇಲ್ಲ. ಭುಜ ಮುಟ್ಟಿದೆ. ಬೆಚ್ಚಿದರು. ರಿಸೀವರಿಗೆ ಅಂಗೈ ಮುಚ್ಚಿ, ಮಗನಿಗೆ ಕೇಳುವಷ್ಟು ಜೋರಾಗಿ, "ಕಾರ್ಗೋದವರು! ತುಂಬ ಮಾತು, ಪಾಪ" ಎಂದರು. ಆಮೇಲೆ ನನ್ನ ಮುಖ ನೋಡಿದರು. ನೋಡುತ್ತಲೇ ಇದ್ದರು. ನಾನು ಕಿವಿ ಮುಟ್ಟಿಕೊಂಡು ಕಣ್ಣಲ್ಲೇ ಕೇಳಿದೆ.

"ಅವನಿಗೆ ಗೊತ್ತಾಗುವುದು ಬೇಡ ಮಗಾ," ಎಂದರು, ತುಟಿ ಅಲುಗಿತೋ ಇಲ್ಲವೋ ಎಂಬಂತೆ. "ಮನೇಲಿ ಕೂರಿಸ್ತಾನೆ."

ರಿಸೀವರ್ ಇಟ್ಟೆ. ಫ್ಯಾಕ್ಸಿನ ವೇಗ ತಗ್ಗಿಸಿ ಮತ್ತೊಮ್ಮೆ ಕಳಿಸಲು ಹೇಳಿದೆ. ಹಾಳೆ ನಿಧಾನವಾಗಿ, ಪೂರ್ತಿಯಾಗಿ ಹೊರಬಂತು.

"ದೀದಿ, ಫಾಲ್ಟ್ ಯಾರ್ದು?" ಮಗ ಕೇಳಿದ.

"ಲೈನಿಂದು."

"ಪಪ್ಪಾಂದು ಏನಿಲ್ಲ?"

"ಲೈನಿಂದೇ."

ಮರುದಿನ ಗೋರೆಗಾಂವ್‌ನ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವ ಮೊದಲು ಒಂದು ಹಾಳೆ ತೆಗೆದುಕೊಂಡೆ. ಹಾಳೆಯ ತುಂಬ ದೊಡ್ಡ ದೊಡ್ಡ ಅಕ್ಷರಗಳಲ್ಲಿ ‘ಮಾವ, ಊಟ ಆಯ್ತಾ?’ ಎಂದು ಬರೆದು ಫ್ಯಾಕ್ಸ್ ಮಾಡಿದೆ.

ಡಬ್ಬಿ ಮುಗಿಯುವಷ್ಟರಲ್ಲಿ ಉತ್ತರ ಬಂತು.

‘ಆಯ್ತು. ಅಷ್ಟು ಜೋರು ಯಾಕೆ ಕೂಗುವುದು ಮಗಾ? ಸಣ್ಣಕ್ಕೆ ಬರಿ. ಕೇಳ್ತದೆ.’