ಕಿಟಕಿ ಪಕ್ಕದ ಮೇಜು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಬೆರಳುದ್ದದ ಒಂದು ಚಿಲಕ. ನಗರದ ನಕ್ಷೆ ಕಚೇರಿಯ ಒಳಕೋಣೆಯಲ್ಲಿದ್ದ ಒಂದೇ ಒಂದು ಕಿಟಕಿಯ ಚಿಲಕ ಅದು. ಕಿಟಕಿ ತೆರೆದರೆ ಹಾಳೆ ಹಾರುತ್ತದೆ, ಹಾಳೆ ಹಾರಿದರೆ ಒಣಗದ ಶಾಯಿ ಕಲಸಿಹೋಗುತ್ತದೆ ಎಂಬ ಕಾರಣಕ್ಕೆ ಚಿಲಕ ಮುಟ್ಟುವ ಅಧಿಕಾರ ಕಿಟಕಿ ಪಕ್ಕದ ಮೇಜಿನಲ್ಲಿ ಕೂರುವ ಮುಖ್ಯ ನಕ್ಷೆಗಾರರಿಗೆ ಮಾತ್ರ. ಅವರೋ ಮೂವತ್ತು ವರ್ಷಗಳಲ್ಲಿ ಅದನ್ನು ಎರಡೇ ಸಲ ತೆರೆದಿದ್ದರು. ಎರಡೂ ಸಲ ಸೀನು ಬಂದು ಮುಚ್ಚಿಬಿಟ್ಟಿದ್ದರು.

ಕೋಣೆಯ ಇನ್ನೊಂದು ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ನಕ್ಷೆಯಕ್ಕ ಕೂರುತ್ತಿದ್ದಳು. ಇಪ್ಪತ್ತೆರಡು ವರ್ಷ ಬೀದಿ, ಓಣಿ, ಚರಂಡಿಗಳನ್ನು ಬರೆದೂ ಬರೆದೂ ಅವಳ ನಿಜವಾದ ಹೆಸರು ಮನೆಯವರಿಗೂ ಮರೆತುಹೋಗಿತ್ತು. ವಯಸ್ಸು ನಲವತ್ತೊಂಬತ್ತು. ಎಂಟು ತಿಂಗಳಿಂದ ಅವಳ ಮೈಯೊಳಗೆ ಯಾರೋ ಹೇಳದೆ ಕೇಳದೆ ಒಲೆ ಹಚ್ಚುತ್ತಿದ್ದರು. ಎದೆಯಿಂದ ಹೊರಟ ಝಳ ಕತ್ತು ಹತ್ತಿ, ಕಿವಿ ಕೆಂಪಾಗಿ, ನೆತ್ತಿಯಿಂದ ಬೆವರು ಇಳಿಯುವುದು. ಎರಡು ನಿಮಿಷದಲ್ಲಿ ಎಲ್ಲ ಮುಗಿದು ಮೈ ತಣ್ಣಗಾಗುವುದು.

ಕ್ಲಿನಿಕ್ಕಿನ ಡಾಕ್ಟರಮ್ಮ ಸಮಾಧಾನ ಹೇಳಿದ್ದಳು. "ಮುಟ್ಟು ನಿಲ್ಲೋ ಕಾಲ ಇದು, ಹೆದರ್ಬೇಡಿ. ಸಡಿಲವಾದ ಹತ್ತಿ ಬಟ್ಟೆ ಹಾಕ್ಕೊಳ್ಳಿ, ದಿನಾ ನಡೀರಿ, ಕಾಫಿ ಕಡಿಮೆ ಮಾಡಿ. ಮುಖ್ಯವಾಗಿ ಗಾಳಿ ಬರೋ ಕಡೆ ಕೂತ್ಕೊಳ್ಳಿ. ಅಷ್ಟಕ್ಕೂ ತಡೆಯೋಕೆ ಆಗ್ಲಿಲ್ಲ ಅಂದ್ರೆ ಬನ್ನಿ, ಔಷಧಿ ಕೊಡೋಣ."

ಗಾಳಿ ಬರುವ ಕಡೆ ಅಂದರೆ ಕಿಟಕಿ. ಕಿಟಕಿ ಅಂದರೆ ಮುಖ್ಯ ನಕ್ಷೆಗಾರರ ಮೇಜು. ಆ ಮುಖ್ಯ ನಕ್ಷೆಗಾರರು ಈ ವಾರ ನಿವೃತ್ತರಾಗುತ್ತಿದ್ದರು. ಅವರ ಜಾಗಕ್ಕೆ ಇವತ್ತು ಮಧ್ಯಾಹ್ನ ಪರೀಕ್ಷೆ. ಹುದ್ದೆ, ಮರ್ಯಾದೆ, ಬಾಗಿಲ ಮೇಲಿನ ಫಲಕ ಯಾವುದೂ ನಕ್ಷೆಯಕ್ಕನಿಗೆ ಬೇಕಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಚಿಲಕ.

ಬೆಳಿಗ್ಗೆ ಬಾಗಿಲು ದಾಟುವ ಮೊದಲೇ ಎದುರುಮನೆಯ ಟೈಲರಮ್ಮ ಫ್ಲಾಸ್ಕು ಹಿಡಿದು ಅಡ್ಡ ನಿಂತಳು.

"ಇದನ್ನ ಕುಡೀರಿ ಅಕ್ಕ. ಬೇರಿನ ಕಷಾಯ. ನಮ್ಮ ದೊಡ್ಡಮ್ಮ ಇದನ್ನ ಕುಡಿದೇ ತೊಂಬತ್ತು ವರ್ಷ ಬದುಕಿದ್ರು."

"ಯಾವ ಬೇರು?"

"ಅದೆಲ್ಲ ದೊಡ್ಡಮ್ಮನಿಗೆ ಗೊತ್ತಿತ್ತು. ನನಗೆ ಬಣ್ಣ ಮಾತ್ರ ನೆನಪಿದೆ."

ಬೇಡ ಎಂದರೆ ಮುನಿಸು, ಮುನಿಸಿಕೊಂಡರೆ ಹೊಲಿಯಲು ಕೊಟ್ಟ ಸಡಿಲ ಅಂಗಿಗಳು ಈ ಜನ್ಮದಲ್ಲಿ ಬರುವುದಿಲ್ಲ. ನಕ್ಷೆಯಕ್ಕ ಕಣ್ಣು ಮುಚ್ಚಿ ಅರ್ಧ ಲೋಟ ಇಳಿಸಿದಳು. ನಾಲಗೆ ಒಂದು ಕ್ಷಣ ಬಾಯಿ ಬಿಟ್ಟು ಓಡಿಹೋಗಲು ನೋಡಿತು.

ಗಂಡನದು ಇನ್ನೊಂದು ಕಾಟ. ಉಸಿರಾಟದ ಬಗ್ಗೆ ಎಲ್ಲೋ ಅರ್ಧ ಪುಟ ಓದಿ ಅರ್ಧ ಪಂಡಿತನಾಗಿದ್ದ. "ನಾಲ್ಕು ಎಣಿಸಿ ಒಳಗೆ ತಗೋ, ಆರು ಎಣಿಸಿ ಹೊರಗೆ ಬಿಡು" ಎಂದು ಬಸ್ ನಿಲ್ದಾಣದವರೆಗೂ ಹಿಂದೆ ಬಂದ. ಬಸ್ಸಿನ ಕಿಟಕಿಯಿಂದ ನೋಡಿದರೆ ಕೆಳಗೆ ನಿಂತು ಬೆರಳಲ್ಲಿ ಆರು ತೋರಿಸುತ್ತಿದ್ದ. ಬಸ್ಸಿನಲ್ಲಿದ್ದವರೆಲ್ಲ ಇಬ್ಬರನ್ನೂ ಕರುಣೆಯಿಂದ ನೋಡಿದರು.

ಕಚೇರಿಯಲ್ಲಿ ಕಾದಿದ್ದವಳು ಶಾಲಮ್ಮ. ವರ್ಷವಿಡೀ ಹೆಗಲ ಮೇಲೆ ಉಣ್ಣೆಯ ಶಾಲು ಹೊದ್ದಿರುತ್ತಿದ್ದ ಸಹೋದ್ಯೋಗಿ. ವಯಸ್ಸು ಕೇಳಿದರೆ ಹತ್ತು ವರ್ಷದಿಂದ ನಲವತ್ತೆರಡು. ಕಿಟಕಿಯ ಪರಮ ಶತ್ರು. ಸಾಲದ್ದಕ್ಕೆ ಇವತ್ತಿನ ಪರೀಕ್ಷೆಗೆ ಕೂರುವ ಇನ್ನೊಬ್ಬ ಅಭ್ಯರ್ಥಿ ಕೂಡ ಅವಳೇ.

"ಪರೀಕ್ಷೆ ಬೇರೆ, ಸ್ನೇಹ ಬೇರೆ" ಎಂದು ಶಾಲಮ್ಮ ಒಂದು ಡಬ್ಬಿ ಮುಂದೆ ತಳ್ಳಿದಳು. "ಅಗಸೆ ಬೀಜದ ಪುಡಿ. ಮೂರು ಚಮಚ ಬಾಯಿಗೆ ಹಾಕ್ಕೊಂಡು ನೀರು ಕುಡಿ. ಬಿಸಿ ಎಲ್ಲ ಇಳಿಯುತ್ತೆ."

"ಮೂರು ಚಮಚ ಜಾಸ್ತಿ ಆಗಲ್ವಾ?"

"ಪರೀಕ್ಷೆ ದಿನ ಅಲ್ವಾ, ಇರಲಿ."

ನಕ್ಷೆಯಕ್ಕ ಅದನ್ನೂ ನುಂಗಿದಳು. ಒಂದು ಗಂಟೆ ಕಳೆಯಿತು. ಪುಡಿ ಹೊಟ್ಟೆಯಲ್ಲಿ ನೀರು ಕುಡಿದು ಉಬ್ಬಿ, ಮೊದಲೇ ಅಲ್ಲಿ ನೆಲೆಸಿದ್ದ ಕಷಾಯದೊಂದಿಗೆ ಜಾಗಕ್ಕೆ ಜಗಳ ತೆಗೆಯಿತು. ಹೊಟ್ಟೆ ಗುಡುಗಿದ ಸದ್ದಿಗೆ ಮುಖ್ಯ ನಕ್ಷೆಗಾರರು ತಲೆಯೆತ್ತಿ, "ಯಾರಾದ್ರೂ ಮೇಜು ಎಳೀತಾ ಇದ್ದೀರಾ?" ಎಂದು ಕೇಳಿದರು.

ಇಷ್ಟರ ಮೇಲೆ ಕಚೇರಿಯ ಟೈಪಿಸ್ಟಮ್ಮ ಪುದೀನ ಎಣ್ಣೆ ತಂದು, ಬೇಡ ಬೇಡ ಅಂದರೂ ಹಣೆಯ ಎರಡೂ ಕಡೆ ಧಾರಾಳವಾಗಿ ಸವರಿದಳು. ಮೇಲಿಂದ ಗಂಡನ ಫೋನು. "ಉಸಿರು ಬಿಟ್ಟೆಯಾ?" ಬಿಡದೆ ಇದ್ದರೆ ಫೋನು ಎತ್ತುವವರು ಯಾರು ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಪರೀಕ್ಷೆ ಶುರು.

ಕೊಟ್ಟ ಕೆಲಸ ಸುಲಭದ್ದಲ್ಲ. ಅಳತೆ ಪುಸ್ತಕ ನೋಡಿಕೊಂಡು ಒಂದು ವಾರ್ಡಿನ ನಕ್ಷೆಯನ್ನು ಎರಡು ಗಂಟೆಯೊಳಗೆ ಶಾಯಿಯಲ್ಲಿ ಬರೆಯಬೇಕು. ಬ್ಲೇಡಿನಿಂದ ಕೆರೆದು ತಿದ್ದಿದ ಗುರುತು ಕಂಡರೆ ಹಾಳೆ ಅಲ್ಲಿಗೇ ತಿರಸ್ಕಾರ. ಅದಕ್ಕೇ ಆ ಕಚೇರಿಯಲ್ಲಿ ಹಳೆಯದೊಂದು ಗುಟ್ಟಿನ ರೂಢಿ ಇತ್ತು. ಶಾಯಿ ತೊಟ್ಟಿಕ್ಕಿದರೆ ಗಾಬರಿಯಾಗದೆ ಸುತ್ತ ಒಂದು ವೃತ್ತ ಎಳೆದು ಬಾವಿ ಮಾಡುವುದು. ಕಲೆ ಹರಕುಮುರುಕಾಗಿದ್ದರೆ ಮರ ಮಾಡುವುದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಮುಖ್ಯ ನಕ್ಷೆಗಾರರು ಅವಳಿಗೆ ಹೇಳಿಕೊಟ್ಟಿದ್ದ ಪಾಠ ಅದು. ಹೀಗಾಗಿ ಆ ನಗರದ ನಕ್ಷೆಯಲ್ಲಿ ಹದಿನಾಲ್ಕು ಬಾವಿಗಳಿದ್ದವು, ನೆಲದ ಮೇಲೆ ಮೂರು.

ನಕ್ಷೆಯಕ್ಕನ ಕೈ ಒಳ್ಳೆಯ ಕೈ. ಒಂದೂವರೆ ಗಂಟೆಯಲ್ಲಿ ಬೀದಿಗಳೆಲ್ಲ ಕೂದಲೆಳೆಯಷ್ಟು ತೆಳ್ಳಗೆ ಮೂಡಿದವು. ವಾರ್ಡಿನ ನಡುವಿನ ಬಯಲಿನ ಗಡಿ ಎಳೆಯುತ್ತಿದ್ದಾಗ ಎದೆಯಲ್ಲಿ ಒಲೆ ಹೊತ್ತಿಕೊಂಡಿತು. ನಾಲ್ಕು ಎಣಿಸಿ ಉಸಿರೆಳೆದಳು. ಆರಕ್ಕೆ ಬಿಡಬೇಕೆನ್ನುವಷ್ಟರಲ್ಲಿ ಹಣೆಯ ಬೆವರು ಪುದೀನ ಎಣ್ಣೆಯನ್ನೂ ಕರೆದುಕೊಂಡು ನೇರವಾಗಿ ಕಣ್ಣಿಗೆ ಇಳಿಯಿತು. ಕಣ್ಣು ಉರಿದು ತಲೆ ಕೊಡವಿದಳು. ದಪ್ಪನೆಯ ಬೆವರ ಹನಿಯೊಂದು ಹಸಿ ಗೆರೆಯ ಮೇಲೆ ಬಿತ್ತು.

ಶಾಯಿ ಹರಡಿತು. ಬಾವಿಯಷ್ಟಾಯಿತು, ನಿಲ್ಲಲಿಲ್ಲ. ಮರದಷ್ಟಾಯಿತು, ಆಗಲೂ ನಿಲ್ಲಲಿಲ್ಲ. ಬಯಲಿನ ಅರ್ಧ ಭಾಗ ನುಂಗಿ ಆಮೇಲೆ ತೃಪ್ತಿಯಿಂದ ನಿಂತಿತು.

ಅವಳು ತಿರುಗಿ ನೋಡಿದಳು. ಹಿಂದಿನ ಮೇಜಿನಲ್ಲಿ ಶಾಲಮ್ಮನ ಹಾಳೆ ಕನ್ನಡಿಯ ಹಾಗಿತ್ತು. ಕಿಟಕಿ ಕೈತಪ್ಪಿತು ಎಂದುಕೊಂಡ ಆ ಗಳಿಗೆಯಲ್ಲಿ ನಕ್ಷೆಯಕ್ಕನಿಗೆ ನಿಜಕ್ಕೂ ಅಳು ಬಂತು. ಆದರೆ ಇಪ್ಪತ್ತೆರಡು ವರ್ಷದ ಕೈ ಅಳುತ್ತ ಕೂರುವ ಕೈಯಲ್ಲ. ಅದು ತನ್ನ ಪಾಡಿಗೆ ಕಲೆಯ ಅಂಚಿಗೆ ದಂಡೆ ಎಳೆಯಿತು, ದಂಡೆಗೆ ಮೆಟ್ಟಿಲು ಬರೆಯಿತು, ಸುತ್ತ ಕಾಲುದಾರಿ ಹಾಕಿತು, ದಾರಿಗೆ ಎರಡು ಸಾಲು ಮರ ನೆಟ್ಟಿತು. ಗಂಟೆ ಬಾರಿಸುವ ಹೊತ್ತಿಗೆ ವಾರ್ಡಿನ ಮಧ್ಯೆ ದಿವ್ಯವಾದ ಒಂದು ಕೆರೆ ಸಿದ್ಧವಾಗಿತ್ತು.

ಆಯ್ಕೆ ಸಮಿತಿಯಲ್ಲಿ ಇದ್ದವರು ಮೂವರು: ನಗರಸಭೆಯ ಅಧ್ಯಕ್ಷರು, ಆರೋಗ್ಯಾಧಿಕಾರಿಯಾಗಿದ್ದ ಗಟ್ಟಿ ದನಿಯ ಹೆಂಗಸು, ಮತ್ತು ಮುಖ್ಯ ನಕ್ಷೆಗಾರರು. ಅಧ್ಯಕ್ಷರು ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಇಲ್ಲಿ ಕೆರೆ ಯಾವಾಗ ಬಂತು?"

ಮುಖ್ಯ ನಕ್ಷೆಗಾರರು ಗುಟ್ಟು ಬಯಲಾಗುವ ಭಯಕ್ಕೆ ಸುಮ್ಮಸುಮ್ಮನೆ ಕೆಮ್ಮಿದರು. ಹಳೆಯ ಕೆರೆ, ಈಗ ಬತ್ತಿದೆ ಎಂದು ನಕ್ಷೆಯಕ್ಕ ಸುಳ್ಳು ಹೇಳಬಹುದಿತ್ತು. ಅಷ್ಟರಲ್ಲಿ ಎರಡನೇ ಸಲ ಒಲೆ ಹೊತ್ತಿತು, ಕಿವಿ ಕೆಂಪಾಯಿತು, ಹೊಟ್ಟೆ ಗುಡುಗಿತು, ಪುದೀನ ತಾಗಿದ ಕಣ್ಣಿಂದ ನೀರು ಧಾರಾಕಾರವಾಗಿ ಸುರಿಯಿತು. ಇಷ್ಟೆಲ್ಲ ಆದ ಮೇಲೆ ಮುಚ್ಚಿಡಲು ಉಳಿದದ್ದಾದರೂ ಏನು?

"ಅದು ಕೆರೆ ಅಲ್ಲ ಸರ್" ಎಂದಳು. "ಅದು ನನ್ನ ಬೆವರು."

ಅಧ್ಯಕ್ಷರು ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ನನಗೆ ನಲವತ್ತೊಂಬತ್ತು. ಎಂಟು ತಿಂಗಳಿಂದ ಹೀಗೇ ಝಳ ಬರುತ್ತೆ, ಹೋಗುತ್ತೆ. ರಾತ್ರಿ ನಿದ್ದೆ ಇಲ್ಲ. ಗಾಳಿಗೆ ಕೂತ್ಕೊಳ್ಳಿ ಅಂತಾರೆ, ನನ್ನ ಮೇಜಿಗೆ ಗಾಳಿ ಇಲ್ಲ. ನಡೀರಿ ಅಂತಾರೆ, ಇದೇ ನಮ್ಮ ವಾರ್ಡು, ಇಲ್ಲಿ ನಡೆಯೋಕೆ ಒಂದು ನೆರಳಿನ ದಾರಿ ಇಲ್ಲ. ನಾನೇ ಬರೆದ ನಕ್ಷೆ, ನನಗೆ ಗೊತ್ತಿಲ್ವಾ? ಬೆಳಿಗ್ಗೆಯಿಂದ ಯಾವ್ದೋ ಬೇರಿನ ಕಷಾಯ ಕುಡಿದೆ, ಅಗಸೆ ಬೀಜದ ಪುಡಿ ಮೂರು ಚಮಚ ತಿಂದೆ, ಎಣ್ಣೆ ಹಚ್ಚಿಸ್ಕೊಂಡೆ. ಹನಿ ಬಿತ್ತು. ಅಲ್ಲಿ ಒಂದು ಕೆರೆ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅನ್ನಿಸ್ತು. ಬರೆದೆ. ತಪ್ಪಾಗಿದ್ರೆ ಹೊರಗೆ ಕಳಿಸಿ."

ಆರೋಗ್ಯಾಧಿಕಾರಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು. ಮೊದಲು ನಕ್ಷೆಯಕ್ಕನ ಕಡೆ ತಿರುಗಿದಳು. "ಯಾವ ಬೇರು ಅಂತ ಗೊತ್ತಿಲ್ಲದ ಕಷಾಯ ಇನ್ಮೇಲೆ ಮುಟ್ಟಬೇಡಿ. ಬೀಜದ ಪುಡಿ ಒಂದು ಚಮಚ ಸಾಕು, ಊಟದ ಜೊತೆ." ಆಮೇಲೆ ಅಧ್ಯಕ್ಷರ ಕಡೆ ತಿರುಗಿದಳು. "ಎರಡು ವರ್ಷದಿಂದ ಬರೀತಿದ್ದೀನಿ ನಾನು. ಈ ವಯಸ್ಸಿನ ಹೆಂಗಸರಿಗೆ ನಡೆಯೋಕೆ ನೀರು, ನೆರಳು ಇರೋ ಒಂದು ಜಾಗ ಕೊಡಿ ಅಂತ. ನೀವು ಏನಂದ್ರಿ? ನಕ್ಷೆಯಲ್ಲಿ ಜಾಗ ಇಲ್ಲ ಅಂದ್ರಿ. ಇಲ್ಲಿದೆ ನೋಡಿ ಜಾಗ. ಮೆಟ್ಟಿಲು ಸಮೇತ!"

ಬಾಗಿಲ ಆಚೆ ಕಿವಿಗೊಟ್ಟು ನಿಂತಿದ್ದ ಕಚೇರಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಕದ್ದು ಕೇಳುತ್ತಿದ್ದೇವೆಂಬುದನ್ನೂ ಮರೆತು ಒಬ್ಬೊಬ್ಬರೇ ಒಳಗೆ ನುಗ್ಗಿದರು.

"ನಂದು ಐವತ್ತೊಂದು ಮೇಡಂ" ಎಂದಳು ಟೈಪಿಸ್ಟಮ್ಮ. "ಆ ಎಣ್ಣೆ ನನಗೆ ಅಂತಾನೇ ಇಟ್ಕೊಂಡಿರೋದು."

ಎಲ್ಲರಿಗೂ ಆಶ್ಚರ್ಯ ತಂದವಳು ಶಾಲಮ್ಮ. ಅವಳು ನಿಧಾನವಾಗಿ ಶಾಲು ತೆಗೆದು ಕೈಮೇಲೆ ಹಾಕಿಕೊಂಡಳು. ಒಳಗಿನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. "ಬೆವರಿದ ಮೇಲೆ ಚಳಿ ಹತ್ತುತ್ತೆ ನನಗೆ. ಅದಕ್ಕೇ ಶಾಲು. ಕಿಟಕಿ ಬೇಡ ಅನ್ನೋದೂ ಅದಕ್ಕೇ. ನಂಗೆ ಐವತ್ತಾಯ್ತು" ಎಂದು ನಲವತ್ತೆರಡನ್ನು ಸಾರ್ವಜನಿಕವಾಗಿ ಕೈಬಿಟ್ಟಳು. "ಕೆರೆ ಬಂದ್ರೆ ಮೊದಲನೇ ಸುತ್ತು ನಂದು."

ನಕ್ಷೆಯಕ್ಕ ಅವಳ ಕೈ ಹಿಡಿದುಕೊಂಡಳು. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂತು, ಇಬ್ಬರೂ ಒಂದೇ ಬೆಂಕಿಯಲ್ಲಿ ಬೇಯುತ್ತಿದ್ದೆವಲ್ಲ ಎಂದು ನಗುವೂ ಬಂತು, ಸಂಕಟವೂ ಆಯಿತು.

ಆರು ಮಂದಿ ಹೆಂಗಸರು ಹಾಗೂ ಒಬ್ಬ ಆರೋಗ್ಯಾಧಿಕಾರಿಯ ನಡುವೆ ಸಿಕ್ಕಿಬಿದ್ದ ಅಧ್ಯಕ್ಷರಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕರವಸ್ತ್ರದಿಂದ ಹಣೆ ಒರೆಸಿಕೊಂಡು, "ಕೆರೆ ಮಂಜೂರು" ಎಂದರು. "ಇಂಥ ದೂರದೃಷ್ಟಿ ಇರೋರೇ ನಮಗೆ ಬೇಕು. ಮುಖ್ಯ ನಕ್ಷೆಗಾರರ ಹುದ್ದೆನೂ ಇವರಿಗೇ."

ಆಮೇಲಿನ ಗದ್ದಲ ಕೇಳಬೇಕೆ! ಟೈಪಿಸ್ಟಮ್ಮ ಕುರ್ಚಿ ಹತ್ತಿ ಕೂಗಿದಳು. ಶಾಲಮ್ಮ ಶಾಲನ್ನು ಬಾವುಟದಂತೆ ಬೀಸಿದಳು. ಫೋನಿನಲ್ಲಿ ಸುದ್ದಿ ಕೇಳಿದ ಗಂಡ ಸಂತೋಷಕ್ಕೆ ಆರು ಎಣಿಸುವುದನ್ನೇ ಮರೆತು ಒಂದೇ ಉಸಿರಲ್ಲಿ ಕಿರುಚಿದ. ನಕ್ಷೆಯಕ್ಕ ಗೆದ್ದ ಸೇನಾಪತಿಯ ಹಾಗೆ ನಡೆದುಹೋಗಿ ಕಿಟಕಿ ಪಕ್ಕದ ಮೇಜಿನ ಮುಂದೆ ನಿಂತಳು. ಚಿಲಕ ಸರಿಸಿದಳು. ತಂಪು ಗಾಳಿ ಮುಖಕ್ಕೆ ಬಡಿಯಿತು. ಎಂಟು ತಿಂಗಳಲ್ಲಿ ಅಷ್ಟು ಸುಖ ಅವಳಿಗೆ ಎಂದೂ ಆಗಿರಲಿಲ್ಲ.

ಸಂಜೆ ಐದಕ್ಕೆ ಅಧ್ಯಕ್ಷರೇ ಖುದ್ದಾಗಿ ಬಂದು ಆದೇಶದ ಪತ್ರ ಕೈಗಿತ್ತರು. ನಕ್ಷೆಯಕ್ಕ ಓದಿದಳು. 'ಮುಖ್ಯ ನಕ್ಷೆಗಾರರು' ಎಂಬುದರ ಮುಂದೆ ಹೊಸದಾಗಿ 'ಕೆರೆ ಯೋಜನೆ' ಎಂದು ಸೇರಿತ್ತು. ಕೆಲಸದ ಸ್ಥಳ: ವಾರ್ಡಿನ ನಡುವಿನ ಬಯಲು. ಕಚೇರಿ: ತಗಡಿನ ಶೆಡ್ಡು. ಒಳಕೋಣೆಯ ಮೇಲ್ವಿಚಾರಣೆ, ಮೇಜು, ಕಿಟಕಿ ಸಮೇತ, ಎರಡನೇ ಅಭ್ಯರ್ಥಿಗೆ.

"ಇದೇನು ಸರ್?" ಪತ್ರ ತಿರುಗಿಸಿ ಹಿಂದೆಯೂ ನೋಡಿದಳು.

"ಕೆರೆ ಬರೆದೋರು ಕೆರೆ ಹತ್ರಾನೇ ಇರಬೇಕಲ್ವಾ? ನಾಳೆಯಿಂದ ಅಲ್ಲೇ."

"ಶೆಡ್ಡಿಗೆ ಕಿಟಕಿ ಇದೆಯಾ ಸರ್?"

"ಕಿಟಕಿ ಯಾಕೆ ಬೇಕು? ಒಂದು ಸಲ ಕೆರೆ ತುಂಬಿತು ಅಂದ್ರೆ ಗಾಳಿಯೋ ಗಾಳಿ!"

"ಯಾವಾಗ ತುಂಬುತ್ತೆ ಸರ್?"

ಅಧ್ಯಕ್ಷರು ಆತ್ಮೀಯವಾಗಿ ಅವಳ ಭುಜ ತಟ್ಟಿದರು. "ಅದನ್ನ ನೀವು ನಮಗೆ ಹೇಳಬೇಕು ಮೇಡಂ. ಮುಖ್ಯಸ್ಥರು ನೀವು!"