ಪೋರ್ಚುಗಲ್ಲಿಗೆ ಹೊರಟವರು

ಪಾಸ್‌ಪೋರ್ಟ್ ವಿಚಾರಣೆಗೆ ಹತ್ತು ಗಂಟೆಗೆ ಮನೆಗೆ ಬರುತ್ತೇವೆಂದು ಠಾಣೆಯಿಂದ ಫೋನ್ ಬಂದದ್ದೇ ತಡ, ಕಡ್ಡಿರಾಂಪುರದ ಮಿರ್ಚಿ ಅಂಗಡಿ ಅಂಜಿನಯ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪೋರ್ಚುಗಲ್ಲಿನಲ್ಲಿ ಹೋಟೆಲ್ ಕೆಲಸ ಹಿಡಿದು ನೆಲೆಸುವುದು ಅವನ ಕನಸು; ಅದಕ್ಕೆಂದೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಕಾಯುತ್ತಿದ್ದ. ಪೊಲೀಸರು ಒಳ್ಳೆಯವನೆಂದು ಬರೆದರೆ ವಿಮಾನ, ಇಲ್ಲದಿದ್ದರೆ ಸಾಯುವತನಕ ಬಾಣಲೆ.

ಹೆಂಡತಿ ಜಂಬವ್ವ ಎಂದಿನಂತೆ ರೇಣುಕಾದೇವಿಯವರ ಹೋಂಸ್ಟೇಗೆ ರೊಟ್ಟಿ ಬಡಿಯಲು ಹೋಗಿದ್ದಳು. ಸಾಹೇಬರ ಚಹಾಕ್ಕೆ ಹಾಲು ಬೇಕಲ್ಲ! ಅಂಜಿನಯ್ಯ ತಂಬಿಗೆ ಹಿಡಿದು ಎಮ್ಮೆಯ ಬಳಿ ಕುಳಿತ. ಜಂಬವ್ವನನ್ನು ಬಿಟ್ಟು ಬೇರೆಯವರನ್ನು ಅದು ಹತ್ತಿರ ಸೇರಿಸಿದ್ದೇ ಇಲ್ಲ. ಒಂದೇ ಒದೆಗೆ ತಂಬಿಗೆ ಬೇಲಿಯಾಚೆ ಹೋಯಿತು, ಇಸ್ತ್ರಿ ಅಂಗಿಯ ಅಂಜಿನಯ್ಯ ಸೆಗಣಿಗೆ ಬಿದ್ದ.

ತೊಳೆದುಕೊಂಡು ಬರುವಷ್ಟರಲ್ಲಿ ಸಾಕ್ಷಿ ಹೇಳಬೇಕಾದ ಪಕ್ಕದ ಮನೆಯ ಗವಿಸಿದ್ದಪ್ಪ ಹಾಜರು.

"ಭಾಳ ಒಳ್ಳೆ ಮನುಷ್ಯ ಅನ್ರಿ ಕಾಕಾ, ಅಷ್ಟ ಸಾಕು."

"ಅಷ್ಟ ಅಂದ್ರ ಹ್ಯಾಂಗಲೇ? ಹೋಳಿ ಹಬ್ಬದಾಗ ಒಬ್ಬನ ನಾಕು ಮಂದಿನ್ನ ಹೊಡದಿದ್ದಿ. ಫಾರಿನ್ನಿನವರಿಗೂ ನಿನ್ನ ಧೈರ್ಯ ಗೊತ್ತಾಗ್ಲಿ!"

ಅಂಜಿನಯ್ಯ ಅವನ ಬಾಯಿಗೆ ಬಿಸಿ ಮಿರ್ಚಿ ತುರುಕಿದ. ಆದರೆ ಕಾನ್‌ಸ್ಟೇಬಲ್ ಕೊಟ್ರಯ್ಯ ಬಂದು ಕೂರುತ್ತಲೇ ಗವಿಸಿದ್ದಪ್ಪ ಮಿರ್ಚಿ ನುಂಗಿ, ಹೋಳಿ ಹೊಡೆದಾಟವನ್ನು ಅಭಿನಯಿಸಿಯೇ ತೋರಿಸಿದ.

ಕೊಟ್ರಯ್ಯ ಪೆನ್ನು ಕೆಳಗಿಟ್ಟ. "ಇವರ ಕತಿ ನನಗ್ಯಾಕ್ರಿ? ಅರ್ಜಿ ಜಂಬವ್ವಂದು. ಫೋನ್ ನಂಬರ್ ಅಷ್ಟ ಇವರ್ದು."

ಅಷ್ಟರಲ್ಲಿ ಜಂಬವ್ವ ಹಿಟ್ಟಿನ ಕೈಯಲ್ಲೇ ಬಂದಳು. "ಹೋಂಸ್ಟೇದಾಗ ನನ್ನ ರೊಟ್ಟಿ ತಿಂದು ಹೋದ ಫಾರಿನ್ ಮೇಡಮ್ಮಾರು ಪೋರ್ಚುಗಲ್ಲಿನಾಗ ಖಾನಾವಳಿ ತೆಗದಾರ, ಎರಡು ವರ್ಷಕ್ಕ ಕರ್ಯಾಕತ್ತಾರ. ರೇಣುಕಾದೇವಿ ಅಕ್ಕಾರು ಅರ್ಜಿ ತುಂಬಿದ್ರು. ನಿಮಗ ಮೂರು ಸಲ ಹೇಳೀನಿ, ಮೂರು ಸಲನೂ ಹೂಂ ಅಂದೀರಿ."

"ಮತ್ತ ನಂದು?"

"ಇನ್ನೂ ನಮ್ಮ ಕಡಿ ಬಂದಿಲ್ಲ. ಬಂದಾಗ ಆ ಹೋಳಿ ಗಲಾಟಿ ನೆನಪಿಟ್ಟಿರ್ತೀನಿ ತಗೋರಿ," ಎಂದ ಕೊಟ್ರಯ್ಯ.

ಜಂಬವ್ವನ ವಿಚಾರಣೆಗೆ ಯಾರಿಗೂ ಮಾತು ಹೇಳಿಕೊಡಬೇಕಾಗಲಿಲ್ಲ. "ಬಂಗಾರದಂಥಾಕಿ, ಬರ್ಕೋರಿ!" ಎಂದು ಇಡೀ ಓಣಿಯೇ ಕೂಗಿತು. ಅಂಜಿನಯ್ಯನಿಗೆ ಹೊಟ್ಟೆ ಉರಿಯಿತು, ನಿಜ. ಆದರೆ ಬೆಳಕು ಹರಿಯುವ ಮೊದಲೇ ನೂರು ರೊಟ್ಟಿ ಬಡಿದ ಆ ಕೈಗಳನ್ನು ನೋಡುತ್ತ, ದೇಶ ಕಾಣುವ ಯೋಗ ಇವಕ್ಕಿಲ್ಲದೆ ಇನ್ಯಾವ ಕೈಗೆ ಎನ್ನಿಸಿ, ಹೆಮ್ಮೆಯಿಂದ ಅವನ ಕಣ್ಣು ತುಂಬಿತು.

ಆಮೇಲೆ ನೆನಪಾಯಿತು. "ಎಮ್ಮಿ ಗತಿ?"

ಜಂಬವ್ವ ಹಗ್ಗದ ಮೇಲಿನ ತನ್ನ ಹಸಿರು ಸೀರೆ ಎಳೆದುಕೊಟ್ಟಳು. "ಇದನ್ನ ಉಟ್ಕೊಂಡು ಕುಂದ್ರಿ, ಕೊಡ್ತೈತಿ."

ಸಂಜೆ ಓಣಿಯೆಲ್ಲ ನೋಡುತ್ತಿರುವಾಗ, ಹಸಿರು ಸೀರೆಯ ಸೆರಗು ಹೊದ್ದು ಕುಳಿತ ಅಂಜಿನಯ್ಯನಿಗೆ ಎಮ್ಮೆ ತಕರಾರಿಲ್ಲದೆ ತಂಬಿಗೆ ತುಂಬ ಹಾಲು ಕೊಟ್ಟಿತು.