ದೊಡ್ಡವ್ವ ಹತ್ತಿದರೆ ಮಾತ್ರ ಸೋರುವ ಗಾಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎರಡು ಬೆರಳಗಲದಷ್ಟು ಬೋಲ್ಟು ಸಾಕಾಗುವ ಜಾಗಕ್ಕೆ ನಾನು ಅಂಗೈ ಉದ್ದದ ಬೋಲ್ಟು ಹಾಕಿದೆ. ಯಾಕೆ? ರಾಯಚೂರಿನ ಅಂಗಡಿಯಲ್ಲಿ ಸಣ್ಣದು ಖಾಲಿಯಾಗಿತ್ತು. ಅಂಗಡಿಯ ಭಾಯ್ "ಲಂಬಾ ಹೈ ತೋ ಮಜಬೂತ್ ಹೈ" ಎಂದ, ಉದ್ದ ಇದ್ದಷ್ಟೂ ಗಟ್ಟಿ, ಹೌದಲ್ಲ ಎಂದು ನನಗೂ ಅನ್ನಿಸಿತು. ಹೆಚ್ಚಾದದ್ದನ್ನು ಕತ್ತರಿಸಬೇಕಿತ್ತು. ಆದರೆ ಕತ್ತರಿಸುವ ಬ್ಲೇಡು ಅಟ್ಟದ ಮೇಲಿತ್ತು, ನಾನು ನೆಲದ ಮೇಲಿದ್ದೆ. ಒಂದು ಬೋಲ್ಟಿಗಾಗಿ ಯಾರಾದರೂ ಅಟ್ಟ ಹತ್ತುತ್ತಾರೇನ್ರಿ! ನೀವು ಆ ಬೋಲ್ಟನ್ನು ನೆನಪಿನಲ್ಲಿಟ್ಟುಕೊಳ್ಳಿ. ನಾನಂತೂ ತಿರುಗಿಸಿ ಮುಗಿಸಿದ ಕೂಡಲೇ ಮರೆತೆ.

ಬೋಲ್ಟು ಹೋಗಿ ಕೂತದ್ದು ನಮ್ಮ ದೊಡ್ಡಪ್ಪನ ಮನೆಯ ಮಂಚದ ಕಾಲಿಗೆ. ಮನೆ ಅಂದರೆ ಗಾಡಿ. ಗಾಡಿ ಅಂದರೆ ಮನೆ. ತಡೆಯಿರಿ, ಸರಿಯಾಗಿ ಹೇಳುತ್ತೇನೆ: ನಮ್ಮ ದೊಡ್ಡಪ್ಪನಿಗೆ ಅಲುಗಾಡದ ಮನೆಯಲ್ಲಿ ನಿದ್ದೆ ಬರುವುದಿಲ್ಲ!

ಜೀವಮಾನವಿಡೀ ಬಸ್ಸು ಓಡಿಸಿದ ಮನುಷ್ಯ. ನಿವೃತ್ತನಾಗಿ ಮಾನ್ವಿಯ ಮನೆಗೆ ಬಂದು ಮಲಗಿದರೆ, "ಏನಲೇ ಇದು, ಡೀಸೆಲ್ ತೀರಿದ ಗಾಡಿ ಇದ್ದಂಗ ಸುಮ್ನ ನಿಂತದ ಮನಿ" ಎಂದು ಎದ್ದು ಕೂರುತ್ತಿದ್ದ. ಊಟ ಮುಗಿದರೆ ಈಗಲೂ ತಟ್ಟೆಯನ್ನು ಎರಡು ಸಲ ಬಡಿದು "ರೈಟ್!" ಅನ್ನುತ್ತಾನೆ. ಗುಡಿಯ ಸಣ್ಣ ಬಾಗಿಲು ದಾಟುವಾಗ ಬಸ್ಸಿನ ಕನ್ನಡಿ ಮಡಚಿದ ಹಾಗೆ ಎರಡೂ ಮೊಣಕೈ ಒಳಕ್ಕೆಳೆದುಕೊಳ್ಳುತ್ತಾನೆ. ಇನ್ನು ನಡೆಯುವುದಂತೂ ಅವನ ಪ್ರಕಾರ ಡ್ರೈವರ್ ಕುಲಕ್ಕೇ ಅವಮಾನ. ಪಕ್ಕದ ಓಣಿಯ ಕಿರಾಣಿ ಅಂಗಡಿಯಿಂದ ಒಂದು ಬೆಂಕಿಪೊಟ್ಟಣ ತರಬೇಕಾದರೂ ಗಾಡಿ ಹೊರಗೆ ಬರಬೇಕು!

ಆ ಗಾಡಿ ಗುಜರಿಗೆ ಹೊರಟಿದ್ದ ಒಂದು ಹಳೆಯ ಮಿನಿಬಸ್ಸು. ದೊಡ್ಡಪ್ಪ ಅದನ್ನು ದಾರಿಯಲ್ಲೇ ತಡೆದು ಮನೆಗೆ ತಂದ. ಸೀಟು ಕಿತ್ತು ಮಂಚ ಹಾಕಿಸಿದ. ಗ್ಯಾಸ್ ಒಲೆ ಬಂತು, ನೀರಿನ ಡ್ರಮ್ಮು ಬಂತು, ಗಿಣಿ ಬಣ್ಣದ ಪರದೆ ಬಂತು. ಅವತ್ತಿನಿಂದ ಬಸ್ಸಿನ ಹೆಸರು 'ಮನಿ', ಇಟ್ಟಿಗೆಯ ಮನೆಯ ಹೆಸರು 'ಸ್ಟ್ಯಾಂಡು'. "ಸ್ಟ್ಯಾಂಡಿನ್ಯಾಗ ಯಾರರ ಇರ್ರಿ, ನಾ ಮನಿಗೆ ಹೋಗಿ ಮಲಗ್ತೀನಿ" ಎಂದು ಅಂಗಳಕ್ಕೆ ಇಳಿಯುತ್ತಿದ್ದ.

ಹುಚ್ಚು ಅನ್ನುತ್ತೀರಾ? ಅನ್ನಿ. ಆದರೆ ಅದರೊಳಗೆ ಒಂದು ಲೆಕ್ಕಾಚಾರ ಇತ್ತು. ನಮ್ಮ ದೊಡ್ಡವ್ವನಿಗೆ ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ! ಬಸ್ ಡ್ರೈವರನ ಹೆಂಡತಿಗೆ ಬಸ್ಸು ಆಗುವುದಿಲ್ಲ. ದೇವರಿಗೆ ತಮಾಷೆ ಮಾಡಲು ನಮ್ಮ ಮನೆತನವೇ ಬೇಕಿತ್ತು ನೋಡಿ. ಜಾಲಹಳ್ಳಿ ಅವಳ ತವರು. ದೇವದುರ್ಗ ದಾಟಿದರೆ ಬಂತು. ಆದರೂ ವರ್ಷಗಟ್ಟಲೆ ಹೋಗಲಾಗಿಲ್ಲ. ಬೆನ್ನಿಗೆ ಬಿದ್ದ ಒಬ್ಬನೇ ತಮ್ಮ, ಅವನ ಮದುವೆಗೂ ಹೋಗಲಿಲ್ಲ. ಮಂಚದ ಮೇಲೆ ಗಾಳಿಗೆ ಮಲಗಿಸಿಕೊಂಡು ಒಯ್ದರೆ ಆದೀತು ಎಂಬುದೇ ದೊಡ್ಡಪ್ಪನ ಯೋಜನೆ.

ಈಗ ಆ ತಮ್ಮನಿಗೆ ಬಹಳ ವರ್ಷ ಕಾದ ಮೇಲೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಇರುವವಳು ಒಬ್ಬಳೇ, ನಮ್ಮ ದೊಡ್ಡವ್ವ. ತಮ್ಮ ಫೋನಿನಲ್ಲಿ ನಗುತ್ತಲೇ ಹೇಳಿದ: "ಅಕ್ಕಾ, ಬುಧವಾರ ಹನ್ನೆರಡಕ್ಕ ರಾಹುಕಾಲ, ಅದರೊಳಗ ನೀ ಬರಬೇಕು. ನೀ ಬರಲಿಲ್ಲಂದ್ರ ಇವಳ ಚಿಗವ್ವ ಹೇಳ್ತೀನಂತ ತಯಾರಾಗಿ ಕುಂತಾಳ. ನನಗ ಮಾತ್ರ ಮನಸಿಲ್ಲ." 'ಇವಳು' ಅಂದರೆ ಅವನ ಹೆಂಡತಿ, ಚಿಗವ್ವ ಅಂದರೆ ಅವಳ ಚಿಕ್ಕಮ್ಮ. ಮಾತು ಮುಗಿದ ಮೇಲೂ ದೊಡ್ಡವ್ವ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು.

ದಾರಿಯಲ್ಲಿ ಅಲುಗದಂತೆ ಮಂಚವನ್ನು ಗಾಡಿಯ ನೆಲಕ್ಕೆ ಬಿಗಿಯುವ ಕೆಲಸ ನನಗೆ ಬಂತು. ಆಗಲೇ ಆ ಬೋಲ್ಟು.

ಪರೀಕ್ಷೆಗೆಂದು ಪೋತ್ನಾಳದವರೆಗೆ ಒಂದು ಸುತ್ತು ಹೊರಟೆವು. ಊರು ದಾಟಿರಲಿಲ್ಲ, ಹಿಂದಿನಿಂದ ದೊಡ್ಡವ್ವನ ದನಿ: "ಏನ್ರೀ, ಡೀಸೆಲ್ ವಾಸನಿ ಬರಾಕತ್ತದ!"

ದೊಡ್ಡಪ್ಪ ಸ್ಟೇರಿಂಗ್ ಹಿಡಿದೇ ಮೂಗು ಎಳೆದ. "ಬರವಲ್ದು."

ನಾನೂ ಎಳೆದೆ. ನನಗೂ ಇಲ್ಲ. ಮುಂದಿನ ಸೀಟಿನವರಿಗೆ ವಾಸನೆ ಇಲ್ಲ, ಮಂಚದ ಮೇಲಿನವಳಿಗೆ ತಲೆ ಸುತ್ತು. ಅವಳನ್ನು ಇಳಿಸಿ ಆಟೋ ಹತ್ತಿಸುವುದೋ, ಅದೂ ಡೀಸೆಲ್ಲೇ! ಪಾಪ, ನೆರಳು ಹುಡುಕುತ್ತ ನಡೆದೇ ಮನೆಗೆ ಬಂದಳು.

ಅವತ್ತಿನಿಂದ ಶುರುವಾಯಿತು ಲೀಕ್ ಹುಡುಕಾಟ. ದೊಡ್ಡಪ್ಪ ತನ್ನ ಹಳೆಯ ಬಿಳಿ ಧೋತರವನ್ನು ಗಾಡಿಯ ಕೆಳಗೆ ಹಾಸುತ್ತಿದ್ದ. ಬೆಳಿಗ್ಗೆ ಎದ್ದು ಅದನ್ನು ಬಿಸಿಲಿಗೆ ಹಿಡಿದು ಪಂಚಾಂಗ ನೋಡಿದ ಹಾಗೆ ನೋಡುತ್ತಿದ್ದ. ಒಂದು ಹನಿ ಇಲ್ಲ! ಒಂದು ದಿನ ಮಾತ್ರ ನಡುವೆ ಹಳದಿ ಕಲೆ ಸಿಕ್ಕಿತು. ದೊಡ್ಡಪ್ಪ ಬೆರಳು ಒತ್ತಿ ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚಿದ. ಡೀಸೆಲ್ಲೋ ಎಂಜಿನ್ ಆಯಿಲ್ಲೋ ನಾಲಿಗೆಯಲ್ಲೇ ಹೇಳಬಲ್ಲೆ ಎಂಬುದು ಅವನ ಹೆಮ್ಮೆ.

"ಏನದ, ದೊಡ್ಡಪ್ಪಾ?"

"ನಿನ್ನಿ ನೀ ಚೆಲ್ಲಿದ ಸಾರು. ಹುಳಿ ಜಾಸ್ತಿ ಆಗ್ಯಾದ."

ಎಂಜಿನ್ನಿಗೆ ಹೋಗುವ ಒಂದೊಂದು ಪೈಪನ್ನೂ ಮೂಸಿದೆವು, ಒಂದೊಂದು ನಟ್ಟನ್ನೂ ಬಿಗಿದೆವು. ಮಾನ್ವಿಯ ಸುತ್ತ ಖಾಲಿ ಗಾಡಿ ಓಡಿಸಿದೆವು. ವಾಸನೆ ಇಲ್ಲ. ಹುಡುಕುವಾಗೆಲ್ಲ ದೊಡ್ಡವ್ವನನ್ನು ಕೆಳಗಿಳಿಸಿಯೇ ಹುಡುಕುತ್ತಿದ್ದೆವು, ಅವಳಿಗೆ ತ್ರಾಸಾಗಬಾರದೆಂದು. ಎಂಥ ಬುದ್ಧಿವಂತರು ನಾವು!

ಬುಧವಾರ ಬಂದೇಬಿಟ್ಟಿತು. ದೊಡ್ಡಪ್ಪ ಹೊಸ ಧೋತರ ಉಟ್ಟ, ಚಕ್ರಕ್ಕೆ ನಿಂಬೆಹಣ್ಣು ಇಟ್ಟ. ದೊಡ್ಡವ್ವ ಇನ್ನೊಂದು ನಿಂಬೆಹಣ್ಣು ಮೂಗಿಗೆ ಒತ್ತಿಕೊಂಡು ಮಂಚ ಹತ್ತಿದಳು. ತಲೆದಿಂಬಿನ ಪಕ್ಕ ಕೂಸಿಗೆಂದು ರಾಯಚೂರಿನಿಂದ ತರಿಸಿದ ಪೆಟ್ಟಿಗೆ. ಅದರಲ್ಲಿ ಪೌಡರ್, ಸೋಪು, ಎಣ್ಣೆ, ತಲೆಗೆ ಹಾಕುವ ಒಂದು ಕುಲಾಯಿ.

ದೇವದುರ್ಗದವರೆಗೆ ಅವಳು ಹಲ್ಲು ಕಚ್ಚಿ ತಡೆದಳು. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ನಿಂಬೆಹಣ್ಣಿಗಿಂತ ಹಳದಿಯಾಗಿತ್ತು. ಊರು ದಾಟಿ ಹತ್ತಿಹೊಲದ ನಡುವೆ ಬಂದಾಗ, "ನಿಂದರಸ್ರೀ!" ಎಂದಳು. ಗಾಡಿ ನಿಲ್ಲುವಷ್ಟರಲ್ಲಿ ಬಾಗಿಲಲ್ಲಿ ಬಗ್ಗಿದ್ದಳು.

ಜಾಲಹಳ್ಳಿ ಇನ್ನೂ ದೂರವಿತ್ತು. ಸೂರ್ಯ ನೆತ್ತಿಗೆ ಏರುತ್ತಿದ್ದ.

ದೊಡ್ಡಪ್ಪ ಎಂಜಿನ್ ಬಂದ್ ಮಾಡಲಿಲ್ಲ. ಮುದುಕ ಎಂಜಿನ್ನು, ಮಲಗಿದರೆ ಮತ್ತೆ ಏಳುತ್ತದೆಂಬ ಭರವಸೆ ಇಲ್ಲ. ಡ್ರೈವರ್ ಸೀಟಿನ ಪಕ್ಕದ ಎಂಜಿನ್ ಮುಚ್ಚಳ ತೆರೆದ. "ಪೌಡರ್ ತಾ."

"ಯಾವ ಪೌಡರ್?"

"ಕೂಸಿನ ಪೌಡರಲೇ! ಹನಿ ಬಿದ್ದ ಕಡೆ ಪೌಡರ್ ಹಸಿ ಆಗ್ತದ, ಆಗ ಕಾಣ್ತದ."

ದೊಡ್ಡವ್ವ ಕೆಳಗಿನಿಂದಲೇ ಕೂಗಿದಳು: "ಅದು ಕೂಸಿಂದು! ಮುಟ್ಟಬ್ಯಾಡ್ರಿ!"

"ಕೂಸಿಗೆ ಇನ್ನ ಹೆಸರೇ ಇಲ್ಲ, ಪೌಡರ್ ಯಾಕ ಅದಕ್ಕ?"

ನಾನು ಧಾರಾಳವಾಗಿ ಸುರಿದೆ. ಎಂಜಿನ್ನಿನ ಗಾಳಿಗೆ ಅರ್ಧ ಪೌಡರ್ ನನ್ನ ಮುಖಕ್ಕೇ ಬಂತು. ಎಂಜಿನ್ನು ಮದುಮಗನ ಹಾಗೆ, ನಾನು ಅದರ ಹಿರಿಯಣ್ಣನ ಹಾಗೆ ಕಾಣುತ್ತಿದ್ದೆವಂತೆ. ಬಗ್ಗಿ ಬಗ್ಗಿ ನೋಡಿದೆವು. ಒಂದೊಂದು ಪೈಪಿನ ಮೇಲೂ ಪೌಡರ್ ಒಣಗಿಯೇ ಇತ್ತು. ಎಲ್ಲಿಯೂ ಹಸಿಯಿಲ್ಲ!

ದೊಡ್ಡಪ್ಪನ ತಾಳ್ಮೆ ಅಲ್ಲಿಗೆ ಹರಿಯಿತು. "ಲೀಕ್ ಎಂಜಿನ್ನಾಗ ಇಲ್ಲ" ಎಂದ, ಹೆಂಡತಿಯ ಕಡೆ ತಿರುಗಿ. "ನಿನ್ನ ಮೂಗಿನ್ಯಾಗ ಅದ!"

ನಾನು ನಗಬೇಕೆಂದು ಬಾಯಿ ತೆರೆದೆ. ದೊಡ್ಡವ್ವನ ಮುಖ ನೋಡಿ ಮುಚ್ಚಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಬಾಯಿ ತೊಳೆದು, ಸೆರಗಿನಲ್ಲಿ ಒರೆಸಿ, ಪೆಟ್ಟಿಗೆಯಿಂದ ಆ ಕುಲಾಯಿಯನ್ನಷ್ಟೇ ತೆಗೆದುಕೊಂಡಳು.

"ನಾ ನಡಕೊಂತ ಹೋಗ್ತೀನಿ. ಮುಟ್ಟಿದಾಗ ಮುಟ್ಟತೀನಿ."

"ಹೋಗು. ನಡಿ" ಎಂದ ದೊಡ್ಡಪ್ಪ.

ಹೋದಳು! ಆ ಬಿಸಿಲಲ್ಲಿ, ಡಾಂಬರು ರಸ್ತೆಯ ಅಂಚಿನಲ್ಲಿ, ಕೈಯಲ್ಲಿ ಒಂದು ಸಣ್ಣ ಕುಲಾಯಿ ಹಿಡಿದು. ದೊಡ್ಡಪ್ಪ ಅತ್ತ ನೋಡಲೇ ಇಲ್ಲ. ಫೋನು ತೆಗೆದುಕೊಂಡು ಜಾಲಿಗಿಡದ ಆಚೆ ಹೋದ. ದೇವದುರ್ಗದ ಯಾವುದೋ ಮೆಕ್ಯಾನಿಕ್ಕನ್ನು ಕರೆಯುತ್ತಿದ್ದಾನೆ ಎಂದುಕೊಂಡೆ.

ಇಂಥ ಗಂಭೀರ ಹೊತ್ತಿನಲ್ಲಿ ನಾನೇನು ಮಾಡಿದೆ? ಮಂಚದ ಮೇಲೆ ಮಲಗಿದೆ. ಯೋಚನೆ ಮಾಡಲಿಕ್ಕೆ, ಖರೆ! ನನಗೆ ಮಲಗಿದರೇ ತಲೆ ಓಡುವುದು. ತಲೆ ಓಡುವ ಮುಂಚೆಯೇ ಕಣ್ಣು ಮುಚ್ಚಿತು, ಅದು ಬೇರೆ ಮಾತು. ಆದರೆ ಪೂರ್ತಿ ಮುಚ್ಚುವ ಮೊದಲು ಮೂಗು ಎಚ್ಚರವಾಯಿತು. ಡೀಸೆಲ್! ದಿಂಬಿನ ಪಕ್ಕದಿಂದಲೇ ಘಮ್ಮೆನ್ನುತ್ತಿದೆ!

"ದೊಡ್ಡಪ್ಪಾ! ಬರಾಕತ್ತದ!"

ಫೋನು ಜೇಬಿಗೆ ತುರುಕಿ ಓಡಿ ಬಂದವನೇ ಗಾಡಿಯ ಕೆಳಗೆ ನುಗ್ಗಿದ. ಹೊಸ ಧೋತರ ಮಣ್ಣುಪಾಲು. "ಹನಿ ಬೀಳಾಕತ್ತದಲೇ! ನಡುಮನಿ ಕೆಳಗ!"

ನೋಡಬೇಕೆಂದು ನಾನು ಎದ್ದು ಇಳಿದೆ.

"ಏ, ನಿಂತು ಹೋತು!"

ಮತ್ತೆ ಹತ್ತಿ ಮಲಗಿದೆ. "ಬಂತು!" ಎದ್ದೆ. "ಹೋತು!" ಮಲಗಿದೆ. "ಬಂತು! ಏ, ಏಳಬ್ಯಾಡ, ಇನ್ನ ಸ್ವಲ್ಪ ಭಾರ ಬಿಡು, ಹೊಳ್ಳಾಡು!" ಜೀವಮಾನದಲ್ಲಿ ಮೊದಲ ಸಲ ನಾನು ಮಲಗಿದ್ದರಿಂದ ಒಂದು ಕೆಲಸ ಮುಂದುವರಿಯಿತು.

ಅಷ್ಟರಲ್ಲಿ ಒಬ್ಬ ಟ್ರ್ಯಾಕ್ಟರಿನವನು ನಿಲ್ಲಿಸಿ, "ಏನಾಗ್ಯಾದ್ರಿ ಯಜಮಾನ್ರ?" ಎಂದು ಗಾಡಿಯ ಕೆಳಗೆ ಇಣುಕಿದ. ಬಾಯಲ್ಲಿ ಉರಿಯುವ ಬೀಡಿ! ದೊಡ್ಡಪ್ಪ ಮಲಗಿದಲ್ಲಿಂದಲೇ ಕೈ ಚಾಚಿ ಬೀಡಿ ಕಿತ್ತು ಪಕ್ಕದ ಬಾಟಲಿಯ ನೀರಿಗೆ ಅದ್ದಿದ. ಪ್ರಾಣ ಉಳಿಯಿತು. ಅದು ನಮ್ಮ ಕುಡಿಯುವ ನೀರಾಗಿತ್ತು.

ಆಮೇಲೆ ದೊಡ್ಡಪ್ಪ ಕೆಳಗಿನಿಂದ ಗಾಡಿಯ ತಳವನ್ನು ಎರಡು ಸಲ ತಟ್ಟಿದ. ನನಗೆ ಯಾಕೋ ಸರಿಕಾಣಲಿಲ್ಲ.

"ತಮ್ಮಾ" ಎಂದ ದೊಡ್ಡಪ್ಪ, ಜೇನು ಸುರಿದ ಹಾಗೆ. "ಈ ಮಂಚದ ಬೋಲ್ಟ್ ಹಾಕಿದ ಮಹಾನುಭಾವ ಯಾರಪ್ಪಾ?"

ಆಗ ನೆನಪಾಯಿತು ನನಗೆ! ಬೋಲ್ಟು ಗಾಡಿಯ ತಳ ತೂರಿ ಕೆಳಗೆ ಮೂರು ಬೆರಳಗಲದಷ್ಟು ಇಣುಕಿತ್ತು. ಎಂಜಿನ್ನು ಕುಡಿದು ಮಿಕ್ಕ ಡೀಸೆಲ್ಲನ್ನು ವಾಪಸ್ ಟ್ಯಾಂಕಿಗೆ ಒಯ್ಯುವ ರಬ್ಬರ್ ಪೈಪು ಅದರ ತುದಿಗೇ ಹಾದುಹೋಗಿತ್ತು. ಮಂಚದ ಮೇಲೆ ಭಾರ ಬಿದ್ದರೆ ಹಳೆಯ ಹಲಗೆ ತಗ್ಗುತ್ತದೆ, ಬೋಲ್ಟು ಪೈಪಿಗೆ ಚುಚ್ಚುತ್ತದೆ, ಸೀಳು ಬಾಯಿಬಿಡುತ್ತದೆ. ಎದ್ದರೆ ಬಾಯಿ ಮುಚ್ಚುತ್ತದೆ. ಎಂಜಿನ್ ನಿಂತರೆ ಆ ಪೈಪಿನಲ್ಲಿ ಡೀಸೆಲ್ಲೇ ಇಲ್ಲ. ವಾಸನೆ ಬೋಲ್ಟಿನ ತೂತಿನಿಂದಲೇ ಏರಿ ನೆಟ್ಟಗೆ ದೊಡ್ಡವ್ವನ ದಿಂಬಿಗೆ! ಗಾಡಿ ಸೋರುತ್ತಿದ್ದದ್ದು ಅವಳು ಮಲಗಿದಾಗ ಮಾತ್ರ. ಅವಳಿಗಾಗಿಯೇ ಮಾಡಿದ ಮಂಚ ಅವಳನ್ನೇ ಓಡಿಸಿತ್ತು.

ಬೈಗುಳಕ್ಕೆ ಹೊತ್ತಿರಲಿಲ್ಲ. ಅದೊಂದೇ ನನ್ನ ಪುಣ್ಯ. ಬೋಲ್ಟು ಬಿಚ್ಚಿದೆ. ದೊಡ್ಡಪ್ಪ ಕೂಸಿನ ಸೋಪು ತರಿಸಿ, ಹಿಟ್ಟಿನ ಹಾಗೆ ನಾದಿ ಸೀಳಿಗೆ ಮೆತ್ತಿದ. ಡೀಸೆಲ್ಲಿಗೆ ಸೋಪು ಕರಗುವುದಿಲ್ಲ, ಹಳೆ ಡ್ರೈವರುಗಳಿಗೆಲ್ಲ ಗೊತ್ತಿದ್ದದ್ದೇ. ಮೇಲೆ ಕಟ್ಟಲು ಬಟ್ಟೆ? ಚರ್ ಎಂದು ಹೊಸ ಧೋತರದ ಅಂಚೇ ಹರಿಯಿತು. ನಾನು ಮಂಚದ ಮೇಲೆ ಹಾರಿ ಕುಣಿದೆ. ಒಂದು ಹನಿ ಇಲ್ಲ.

ದೊಡ್ಡವ್ವ ಬಹಳ ದೂರ ನಡೆದಿದ್ದಳು. ಗಾಡಿ ಪಕ್ಕಕ್ಕೆ ಹೋದರೂ ನಿಲ್ಲಲಿಲ್ಲ. ದೊಡ್ಡಪ್ಪ ಬಾಗಿಲು ತೆರೆದು ಅವಳ ನಡಿಗೆಯ ವೇಗಕ್ಕೇ ಗಾಡಿ ಬಿಟ್ಟ.

"ಹತ್ತು."

"ಲೀಕ್ ಸಿಕ್ತೇನು?"

"ಸಿಕ್ತು."

"ಎಲ್ಲಿ? ನನ್ನ ಮೂಗಿನ್ಯಾಗೇನು?"

"ಇವನ ತಲಿಯಾಗ" ಎಂದು ನನ್ನ ಕಡೆ ಬೆರಳು ಮಾಡಿದ.

ಅವಳು ಹತ್ತಿದಳು. ಮಂಚಕ್ಕೆ ಹೋಗಲಿಲ್ಲ, ಮುಂದೆ ಅವನ ಪಕ್ಕದಲ್ಲೇ ಕೂತಳು. ಸ್ವಲ್ಪ ದೂರ ಹೋದ ಮೇಲೆ ಹೆದರುತ್ತ ಹೆದರುತ್ತ ಮೂಗು ಎಳೆದಳು. "ಕೂಸಿನ ವಾಸನಿ ಬರಾಕತ್ತದ" ಎಂದಳು.

ರಾಹುಕಾಲ ಜಾಲಹಳ್ಳಿಯ ಆ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ನಾವು ಒಳಗಿದ್ದೆವು. ಪೌಡರ್ ಮುಖದ ನಾನು, ಹರಿದ ಧೋತರದ ದೊಡ್ಡಪ್ಪ, ಎಣ್ಣೆಯೊಂದೇ ಉಳಿದ ಪೆಟ್ಟಿಗೆ. ಸೋಬಾನೆಯ ಹೆಂಗಸರು ನಮ್ಮನ್ನು ನೋಡಿ ಹಾಡೇ ಮರೆತರು. ದೊಡ್ಡವ್ವ ಕೂಸಿಗೆ ಕುಲಾಯಿ ಹಾಕಿ, ತೊಟ್ಟಿಲೊಳಗೆ ಬಗ್ಗಿ, ಕಿವಿಯಲ್ಲಿ ಹೆಸರು ಹೇಳಿದಳು. ಬಗ್ಗಿದವಳು ಬೇಗ ಏಳಲಿಲ್ಲ.

ಊಟಕ್ಕೆ ಕೂತಾಗ ನನಗೆ ಹೋಳಿಗೆ ಬಡಿಸಲು ಬಂದವನು ದೊಡ್ಡವ್ವನ ತಮ್ಮ. ನಾನು ಚೇಷ್ಟೆಗೆ ಕೇಳಿದೆ: "ಮಾವ, ನಾವು ಮುಟ್ಟದಿದ್ರ ಆ ಚಿಗವ್ವನ ಕಡಿಂದ ಹೆಸರು ಹೇಳಸ್ತಿದ್ರೇನ್ರಿ?"

"ಹೆಂಗ ಹೇಳಸಲಿ? ಭಾವ ದಾರ್ಯಾಗಿಂದ ಫೋನ್ ಮಾಡಿದ್ನಲ್ಲ."

"ಲೀಕ್ ಸಿಕ್ತು ಅಂತ?"

"ಇಲ್ಲ. ಸಿಕ್ಕಿಲ್ಲ ಅಂತ. ಹಿಂದ ಎಂಜಿನ್ ಸಪ್ಪಳ ಕೇಳತಿತ್ತು. ಅಂವ ಅಂದ: 'ತೊಟ್ಲ ಯಾರೂ ಮುಟ್ಟಬ್ಯಾಡ್ರಿ. ನಿಮ್ಮಕ್ಕನ ಮೂಗು ಸುಳ್ಳ ಹೇಳಂಗಿಲ್ಲ, ತಪ್ಪು ನನ್ನ ಗಾಡೀದು. ಸಿಗೋತನ ಹುಡುಕ್ತೀನಿ. ಸಿಗಲಿಲ್ಲಂದ್ರ ಗಾಡಿ ಇಲ್ಲೇ ಬಿಟ್ಟು ಆಕಿ ಜೋಡಿ ನಡಕೊಂತ ಬರ್ತೀನಿ. ಎಷ್ಟ ಹೊತ್ತಾದ್ರೂ ಕಾಯ್ರಿ.'"